ಹೊಸ ಸಹನಾವಿಕರೊಡನೆ ಅಟ್ಲಾಂಟಿಕ್ ದಾಟುವ ಮುನ್ನ: ಮೊದಲ ಸಾಗರಯಾನಕ್ಕೆ ಹಂತಹಂತದ ಸಿದ್ಧತೆ

ಹಾಯಿದೋಣಿಯಲ್ಲಿ ಮೊದಲ ಸಲ ಸಾಗರ ದಾಟಲು ಹೊರಡುವವರಲ್ಲಿ ಬಹಳ ಮಂದಿ ಹಿಡಿಯುವ ದಾರಿ, ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳಿಂದ ಕೆರಿಬಿಯನ್ ದ್ವೀಪಗಳಿಗೆ ಹೋಗುವ ದಾರಿ. ಗ್ರಾನ್ ಕನಾರಿಯಾ ದ್ವೀಪದ ಲಾಸ್ ಪಾಲ್ಮಾಸ್ ಬಂದರಿನಿಂದ ಸೇಂಟ್ ಲೂಸಿಯಾದ ರಾಡ್ನಿ ಕೊಲ್ಲಿಗೆ ಸುಮಾರು 2700 ನಾಟಿಕಲ್ ಮೈಲಿ, ಅಂದರೆ ಐದು ಸಾವಿರ ಕಿಲೋಮೀಟರ್. ನಲವತ್ತು ಅಡಿಯ ದೋಣಿಗೆ ಹದಿನೆಂಟರಿಂದ ಇಪ್ಪತ್ತನಾಲ್ಕು ದಿನ ಹಿಡಿಯುತ್ತದೆ. ದಾರಿಯ ಬಹುಭಾಗದಲ್ಲಿ ಗಾಳಿ ಬೆನ್ನ ಹಿಂದಿನಿಂದ ಬೀಸುತ್ತದೆ, ಸಾಗರದ ಪ್ರವಾಹವೂ ಹೋಗಬೇಕಾದ ಕಡೆಗೇ ಹರಿಯುತ್ತದೆ. 1986ರಿಂದ ಎ.ಆರ್.ಸಿ. ಎಂಬ ಸಾಮೂಹಿಕ ಯಾನ ಪ್ರತಿ ನವೆಂಬರಿನಲ್ಲಿ ಇದೇ ಬಂದರಿನಿಂದ ಹೊರಡುತ್ತಿರುವುದರಿಂದ ಅಲ್ಲಿ ದುರಸ್ತಿಯವರು, ಹಾಯಿ ಹೊಲಿಯುವವರು, ದಿನಸಿಯನ್ನು ದೋಣಿಯ ಬಳಿಗೇ ತಂದು ಇಳಿಸುವ ಅಂಗಡಿಗಳು ಎಲ್ಲವೂ ಸಿಗುತ್ತವೆ.

ದೋಣಿಯನ್ನು ಸಿದ್ಧಪಡಿಸುವ ಬಗ್ಗೆ ಸಾಕಷ್ಟು ಮಾಹಿತಿ ಸುಲಭವಾಗಿ ದೊರೆಯುತ್ತದೆ. ಆದರೆ ಒಬ್ಬರಿಗೊಬ್ಬರು ಹೊಸಬರಾದ ನಾಲ್ಕೈದು ಜನ, ಇಳಿದುಹೋಗಲು ಜಾಗವೇ ಇಲ್ಲದ ಕಡೆ ಮೂರು ವಾರ ಬದುಕಬೇಕಾದಾಗ ಎದುರಾಗುವ ತೊಡಕುಗಳಿಗೆ ಬಂದರಿನಲ್ಲಿಯೇ ಪರಿಹಾರ ಕಂಡುಕೊಳ್ಳಬೇಕೆಂಬುದು ಹಲವರಿಗೆ ಹೊಳೆಯುವುದು ತಡವಾಗಿ. ಈ ಮಾರ್ಗದರ್ಶಿಯಲ್ಲಿ ದೋಣಿಯ ಮಾತು ಅಗತ್ಯವಿದ್ದಷ್ಟು ಬರುತ್ತದೆ; ಹೆಚ್ಚಿನ ಭಾಗ ಜನರ ಸಿದ್ಧತೆಗೆ ಮೀಸಲು. ನೀವು ದೋಣಿಯ ಒಡೆಯರಾಗಿರಬಹುದು, ಅಥವಾ ಯಾರದೋ ದೋಣಿಗೆ ಸಹನಾವಿಕರಾಗಿ ಸೇರುತ್ತಿರಬಹುದು. ಎರಡೂ ಕಡೆಯವರಿಗೆ ಕೇಳಬೇಕಾದ ಪ್ರಶ್ನೆಗಳು ಇವೆ.

ಹಂತ 1: ಕಾಲ ಮತ್ತು ದಾರಿಯನ್ನು ಗೊತ್ತುಮಾಡುವುದು

ಅಟ್ಲಾಂಟಿಕ್‌ನಲ್ಲಿ ಚಂಡಮಾರುತದ ಋತುವನ್ನು ಜೂನ್ 1ರಿಂದ ನವೆಂಬರ್ 30ರವರೆಗೆ ಎಂದು ಲೆಕ್ಕ ಹಾಕುತ್ತಾರೆ. ನವೆಂಬರ್ ಕೊನೆಯ ವಾರದಲ್ಲಿ ಹೊರಟರೆ ಕ್ರಿಸ್‌ಮಸ್ ಹೊತ್ತಿಗೆ ದಡ ಸೇರಬಹುದಾದ ಕಾರಣ ಹೆಚ್ಚಿನವರು ಆಗ ಹೊರಡುತ್ತಾರೆ. ಆದರೆ ಈಶಾನ್ಯ ವಾಣಿಜ್ಯ ಮಾರುತ ಗಟ್ಟಿಯಾಗಿ ನೆಲೆಗೊಳ್ಳುವುದು ಸಾಮಾನ್ಯವಾಗಿ ಡಿಸೆಂಬರ್ ಕಳೆದ ಮೇಲೆ. ತಂಡ ಹೊಸದಾಗಿದ್ದರೆ ಜನವರಿಯ ಮೊದಲ ಭಾಗದಲ್ಲಿ ಹೊರಡುವುದೇ ಮೇಲೆಂಬುದು ನನ್ನ ಅಭಿಪ್ರಾಯ. ಗಾಳಿಯ ಭರವಸೆ ಹೆಚ್ಚುತ್ತದೆ ಎಂಬುದು ಒಂದು ಕಾರಣವಾದರೆ, ಡಿಸೆಂಬರ್ ತಿಂಗಳಿಡೀ ಒಟ್ಟಿಗೆ ಅಭ್ಯಾಸ ಮಾಡಲು ಸಿಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಭೂಪಟದಲ್ಲಿ ಎರಡು ಬಂದರುಗಳ ನಡುವೆ ಗೆರೆ ಎಳೆದು ಅದರ ಮೇಲೆ ಹೋಗಲಾಗದು. ಅಜೋರ್ಸ್ ದ್ವೀಪಗಳ ಬಳಿಯ ಅಧಿಕ ಒತ್ತಡದ ವಲಯದ ಸುತ್ತ ಗಾಳಿ ಪ್ರದಕ್ಷಿಣವಾಗಿ ಬೀಸುವುದರಿಂದ, ಅದರ ದಕ್ಷಿಣದ ಅಂಚಿಗೆ ಇಳಿದರೆ ಮಾತ್ರ ಗಾಳಿ ಬೆನ್ನಿಗೆ ಸಿಗುತ್ತದೆ. ಬೆಣ್ಣೆ ಕರಗುವವರೆಗೆ ದಕ್ಷಿಣಕ್ಕೆ ಹೋಗಿ, ಆಮೇಲೆ ಪಶ್ಚಿಮಕ್ಕೆ ತಿರುಗಿ ಎಂಬುದು ಈ ದಾರಿಯ ಹಳೆಯ ನಾವಿಕರ ಮಾತು. ಈಗಿನ ಲೆಕ್ಕದಲ್ಲಿ, ಕೇಪ್ ವರ್ಡೆ ದ್ವೀಪಗಳ ದಿಕ್ಕಿಗೆ ಇಪ್ಪತ್ತನೆಯ ಉತ್ತರ ಅಕ್ಷಾಂಶದ ಆಸುಪಾಸಿನವರೆಗೆ ಇಳಿಯುತ್ತಾ, ಹವಾಮಾನದ ಮುನ್ಸೂಚನೆ ನೋಡಿಕೊಂಡು ತಿರುಗಬೇಕು.

ಕೇಪ್ ವರ್ಡೆಯ ಸಾವೊ ವಿಸೆಂಟೆ ದ್ವೀಪದಲ್ಲಿರುವ ಮಿಂಡೆಲೊ ಬಂದರು ಲಾಸ್ ಪಾಲ್ಮಾಸ್‌ನಿಂದ ಸುಮಾರು 850 ಮೈಲಿ (ಇಲ್ಲಿಂದ ಮುಂದೆ ಮೈಲಿ ಎಂದರೆ ನಾಟಿಕಲ್ ಮೈಲಿ). ಹೊಸ ತಂಡಕ್ಕೆ ಇಲ್ಲಿ ನಿಲ್ಲುವ ಯೋಜನೆ ಮೊದಲೇ ಇರಲಿ. ಆರೇಳು ದಿನದ ಯಾನ ಮುಗಿಸಿ ಅಲ್ಲಿಗೆ ತಲುಪಿದಾಗ ದೋಣಿಯಲ್ಲಿ ಏನು ಸಡಿಲವಾಗಿದೆ, ಯಾರ ಆರೋಗ್ಯ ಹೇಗಿದೆ, ಯಾರಿಗೆ ಮುಂದುವರಿಯಲು ಮನಸ್ಸಿಲ್ಲ ಎಂಬುದೆಲ್ಲ ಸ್ಪಷ್ಟವಾಗಿರುತ್ತದೆ. ಅಲ್ಲಿಂದ ವಿಮಾನ ಹತ್ತಿ ಊರಿಗೆ ಹೋಗಬಹುದು. ಮಿಂಡೆಲೊ ದಾಟಿದ ಮೇಲೆ ಎರಡು ಸಾವಿರ ಮೈಲಿಯವರೆಗೆ ಆ ಅವಕಾಶ ಇರುವುದಿಲ್ಲ.

ಹಂತ 2: ಜೊತೆಗಾರರನ್ನು ಆರಿಸುವುದು, ದೋಣಿಯನ್ನು ಆರಿಸುವುದು

ನಲವತ್ತು ಅಡಿಯ ದೋಣಿಗೆ ನಾಲ್ಕು ಅಥವಾ ಐದು ಜನ ಸರಿಯಾದ ಸಂಖ್ಯೆ. ಮೂವರಾದರೆ ಒಬ್ಬರು ಕಾಯಿಲೆ ಬಿದ್ದ ದಿನ ಉಳಿದಿಬ್ಬರಿಗೆ ನಿದ್ದೆ ಇರುವುದಿಲ್ಲ. ಆರು ಜನರಾದರೆ ನೀರು, ಮಲಗುವ ಜಾಗ, ಮೌನ ಮೂರೂ ಸಾಲುವುದಿಲ್ಲ.

ದೋಣಿಯ ಒಡೆಯರು ಸಹನಾವಿಕರನ್ನು ಆರಿಸುವಾಗ ಪ್ರಮಾಣಪತ್ರಕ್ಕೆ ಕೊಡುವ ತೂಕವನ್ನು ತುಸು ಕಡಿಮೆ ಮಾಡುವುದು ಒಳ್ಳೆಯದು. ಬ್ರಿಟನ್ನಿನ ಆರ್.ವೈ.ಎ. ಸಂಸ್ಥೆಯ ಪ್ರಾಥಮಿಕ ತರಬೇತಿ ಪಡೆದವರಿಗೆ ಹಗ್ಗ, ಹಾಯಿ, ಚುಕ್ಕಾಣಿಯ ಭಾಷೆ ಗೊತ್ತಿರುತ್ತದೆ ಎಂಬುದು ನಿಜ. ಬೆಂಗಳೂರಿನ ಹಲಸೂರು ಕೆರೆಯಂಥ ಒಳನಾಡಿನ ನೀರಿನಲ್ಲಿ ಸಣ್ಣ ಹಾಯಿದೋಣಿ ನಡೆಸಿ ಕಲಿತವರಿಗೆ ಗಾಳಿಯ ಸೂಕ್ಷ್ಮ ಇನ್ನೂ ಚೆನ್ನಾಗಿ ತಿಳಿದಿರುತ್ತದೆ. ಆದರೆ ರಾತ್ರಿ ಮೂರು ಗಂಟೆಗೆ ಎಬ್ಬಿಸಿದರೆ ಗೊಣಗದೆ ಏಳುವವರು, ತಿಳಿಯದ್ದನ್ನು ತಿಳಿಯದೆಂದು ಹೇಳುವವರು, ಪಾತ್ರೆ ತೊಳೆಯುವುದನ್ನು ತಮ್ಮ ಕೆಲಸವೆಂದು ಭಾವಿಸುವವರು ಯಾರೆಂಬುದನ್ನು ಯಾವ ಪ್ರಮಾಣಪತ್ರವೂ ಹೇಳದು. ಹಿಂದೆ ಅವರು ಇಕ್ಕಟ್ಟಿನಲ್ಲಿ ಬಹುದಿನ ಕಳೆದದ್ದು ಎಲ್ಲಿ, ಚಾರಣದಲ್ಲೋ ಹಾಸ್ಟೆಲ್ಲಿನಲ್ಲೋ ಹಡಗಿನಲ್ಲೋ, ಅಲ್ಲಿ ಯಾವುದರಿಂದ ಅವರಿಗೆ ಕಿರಿಕಿರಿಯಾಯಿತು ಎಂದು ಕೇಳಿ. ಉತ್ತರ ಕೊಡಲು ಹಿಂಜರಿಯುವವರಿಗಿಂತ, ನನಗೆ ಹಸಿವಾದರೆ ಸಿಟ್ಟು ಬರುತ್ತದೆ ಎಂದು ನೇರವಾಗಿ ಹೇಳುವವರನ್ನು ನಂಬಬಹುದು.

ಸಹನಾವಿಕರಾಗಿ ಸೇರುವವರು ನಾಯಕರನ್ನು ಪರೀಕ್ಷಿಸುವುದು ಅಷ್ಟೇ ಮುಖ್ಯ. ದೋಣಿ ಮುಳುಗಿದರೆ ಹತ್ತುವ ಲೈಫ್‌ರಾಫ್ಟ್ ಎಂಬ ತೆಪ್ಪ ಕೊನೆಯ ಬಾರಿ ತಪಾಸಣೆಯಾದದ್ದು ಯಾವಾಗ, ವಿಮೆ ಈ ಯಾನಕ್ಕೆ ಅನ್ವಯಿಸುತ್ತದೆಯೇ, ಕಡಲಿನಲ್ಲಿ ಮದ್ಯದ ಬಗ್ಗೆ ನಿಯಮವೇನು, ಮಿಂಡೆಲೊದಲ್ಲಿ ಇಳಿಯುತ್ತೇನೆಂದರೆ ಒಪ್ಪುವಿರಾ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಮನುಷ್ಯರ ಸ್ವಭಾವ ಬಹುಮಟ್ಟಿಗೆ ತಿಳಿಯುತ್ತದೆ. ಹಿಂದಿನ ಯಾನಗಳಲ್ಲಿ ಅವರ ಜೊತೆಗಿದ್ದ ಇಬ್ಬರೊಡನೆಯಾದರೂ ಫೋನಿನಲ್ಲಿ ಮಾತನಾಡಬೇಕು. ಹಿಂದಿನ ಜೊತೆಗಾರರ ಸಂಪರ್ಕ ಕೊಡಲು ಹಿಂದೇಟು ಹಾಕುವ ನಾಯಕರ ದೋಣಿ ಎಷ್ಟೇ ಚೆಂದವಿದ್ದರೂ ಅದನ್ನು ಬಿಟ್ಟುಬಿಡಿ. ಒಬ್ಬರೇ ಹೋಗುತ್ತಿರುವ ಹೆಣ್ಣುಮಕ್ಕಳು ಮಲಗುವ ಕೋಣೆ ಯಾವುದು, ಅದಕ್ಕೆ ಬಾಗಿಲು ಮತ್ತು ಚಿಲಕ ಇದೆಯೇ, ದೋಣಿಯಲ್ಲಿ ಬೇರೆ ಯಾರು ಇರುತ್ತಾರೆ ಎಂಬುದನ್ನು ಮುಲಾಜಿಲ್ಲದೆ ಕೇಳಿ, ದೋಣಿಯ ಹೆಸರು, ನೋಂದಣಿ ಮತ್ತು ಎಲ್ಲರ ಪಾಸ್‌ಪೋರ್ಟ್ ವಿವರವನ್ನು ದಡದಲ್ಲಿರುವ ಒಬ್ಬರಿಗೆ ಕೊಟ್ಟು ಹೊರಡಬೇಕು.

ಹಂತ 3: ಒಪ್ಪಂದವನ್ನು ಕಾಗದದ ಮೇಲೆ ಇಳಿಸುವುದು

ಬಾಯಿಮಾತು ಸಾಲದು. ಹೊರಡುವ ಎರಡು ವಾರ ಮೊದಲು ಎಲ್ಲರೂ ಕುಳಿತು ಎರಡು ಪುಟದಷ್ಟು ಬರೆದು ಸಹಿ ಹಾಕಿಟ್ಟುಕೊಂಡರೆ ಮುಂದಿನ ಜಗಳಗಳಲ್ಲಿ ಅರ್ಧ ಹುಟ್ಟುವುದೇ ಇಲ್ಲ.

ಮೊದಲನೆಯದು ಹಣ. ಊಟ, ಅಡುಗೆ ಅನಿಲ, ಡೀಸೆಲ್, ಬಂದರಿನ ಬಾಡಿಗೆ ಇವುಗಳನ್ನು ಸಮನಾಗಿ ಹಂಚಿಕೊಳ್ಳುವುದು ರೂಢಿ. ದೋಣಿಯ ದುರಸ್ತಿ ಮತ್ತು ಮುರಿದ ಸಾಮಾನಿನ ಖರ್ಚು ಒಡೆಯರದು. ಹಾಯಿ ಹರಿದ ರಾತ್ರಿ ಚುಕ್ಕಾಣಿ ಹಿಡಿದಿದ್ದವರು ಅದರ ಬೆಲೆ ಕೊಡಬೇಕೆಂಬ ಮಾತು ಯಾನದ ನಡುವೆ ಬರಬಾರದು. ಖರ್ಚಿನ ಪಾಲನ್ನು ಮೀರಿ ಒಡೆಯರು ಹಣ ಪಡೆದರೆ ಅದು ಬಾಡಿಗೆ ಯಾನವಾಗಿ, ಖಾಸಗಿ ದೋಣಿಯ ವಿಮೆಗೂ ಕಾನೂನಿಗೂ ತೊಡಕಾಗಬಹುದು.

ಎರಡನೆಯದು ಅಧಿಕಾರ. ಸುರಕ್ಷತೆಯ ವಿಷಯದಲ್ಲಿ ನಾಯಕರ ಮಾತೇ ಕೊನೆಯದು, ಪ್ರಶ್ನೆಗಳೇನಿದ್ದರೂ ಕೆಲಸ ಮುಗಿದ ಮೇಲೆ. ಊಟ, ಸಂಗೀತ, ಮೀನು ಹಿಡಿಯುವುದು ಮೊದಲಾದ ವಿಷಯಗಳಲ್ಲಿ ಎಲ್ಲರ ಮಾತಿಗೂ ಒಂದೇ ಬೆಲೆ. ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯದಿದ್ದರೆ ನಾಯಕರು ಸಾರಿನ ಉಪ್ಪಿನ ಬಗ್ಗೆಯೂ ಆಜ್ಞೆ ಹೊರಡಿಸುತ್ತಾರೆ, ಇಲ್ಲವೆ ಸಹನಾವಿಕರು ಹಾಯಿ ಇಳಿಸುವ ಹೊತ್ತಿನಲ್ಲಿ ಚರ್ಚೆಗೆ ನಿಲ್ಲುತ್ತಾರೆ. ನಾಯಕರೇ ಕಾಯಿಲೆ ಬಿದ್ದರೆ ಅಧಿಕಾರ ಯಾರಿಗೆ ಎಂಬುದನ್ನೂ ಹೆಸರು ಹೇಳಿ ಬರೆಯಬೇಕು.

ಮೂರನೆಯದು ಬಿಟ್ಟುಹೋಗುವ ಹಕ್ಕು. ಹೊರಡುವ ಕ್ಷಣದವರೆಗೂ ಯಾರು ಬೇಕಾದರೂ ಕಾರಣ ಹೇಳದೆ ಹಿಂದೆ ಸರಿಯಬಹುದು, ನಾಯಕರೂ ಯಾರನ್ನಾದರೂ ಬೇಡವೆನ್ನಬಹುದು, ಹಾಗಾದಾಗ ಕೊಟ್ಟ ಹಣದಲ್ಲಿ ಎಷ್ಟು ಹಿಂತಿರುಗುತ್ತದೆ ಎಂಬುದು ಮೊದಲೇ ತೀರ್ಮಾನವಾಗಿರಲಿ. ಇದು ಇಲ್ಲದಿದ್ದರೆ ಸಂಕೋಚಕ್ಕೆ ಕಟ್ಟುಬಿದ್ದು ಹೊರಡುವವರು ಒಬ್ಬರಾದರೂ ಇರುತ್ತಾರೆ.

ಹಂತ 4: ವೀಸಾ ಮತ್ತು ಕಾಗದಪತ್ರ

ಭಾರತದ ಪಾಸ್‌ಪೋರ್ಟ್ ಇರುವವರು ಇದಕ್ಕೆ ಹೆಚ್ಚು ಸಮಯ ಇಟ್ಟುಕೊಳ್ಳಬೇಕು. ಕೆನರಿ ದ್ವೀಪಗಳಿಗೆ, ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಬೇಕು. ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪ ಫ್ರಾನ್ಸಿನ ಭಾಗವಾದರೂ ಷೆಂಗೆನ್ ವಲಯಕ್ಕೆ ಸೇರಿಲ್ಲ. ಯುರೋಪಿನ ವೀಸಾ ಅಲ್ಲಿ ತಾನಾಗಿ ನಡೆಯುತ್ತದೆಂದು ಭಾವಿಸಬೇಡಿ. ಸೇಂಟ್ ಲೂಸಿಯಾ, ಬಾರ್ಬಡೋಸ್, ಕೇಪ್ ವರ್ಡೆಗಳ ನಿಯಮಗಳನ್ನು ಆಯಾ ದೇಶದ ರಾಜತಾಂತ್ರಿಕ ಕಚೇರಿಯಲ್ಲಿ, ಖಾಸಗಿ ದೋಣಿಯಲ್ಲಿ ಬರುತ್ತಿದ್ದೇನೆ ಎಂಬುದನ್ನು ಒತ್ತಿ ಹೇಳಿಯೇ ವಿಚಾರಿಸಬೇಕು, ಏಕೆಂದರೆ ವಿಮಾನದಲ್ಲಿ ಬರುವವರ ನಿಯಮ ಕಡಲಿನಿಂದ ಬರುವವರಿಗೆ ಹಾಗೆಯೇ ಅನ್ವಯಿಸಬೇಕೆಂದಿಲ್ಲ. ಯುರೋಪ್ ಬಿಡುವಾಗ ನಿರ್ಗಮನದ ದಾಖಲೆ ಮಾಡಿಸಿಕೊಳ್ಳುವುದು ಮರೆತರೆ ಮುಂದಿನ ವೀಸಾ ಅರ್ಜಿಯಲ್ಲಿ ತೊಂದರೆಯಾಗುತ್ತದೆ. ತಲುಪಿದ ದೇಶದಲ್ಲಿ ಸಹನಾವಿಕರ ಜವಾಬ್ದಾರಿ ಸಾಮಾನ್ಯವಾಗಿ ನಾಯಕರ ಮೇಲಿರುವುದರಿಂದ, ಮರಳುವ ವಿಮಾನದ ಟಿಕೆಟ್ ಅಥವಾ ಅದರ ಹಣ ಇದೆಯೇ ಎಂದು ಅವರು ಕೇಳಿದರೆ ಅದನ್ನು ಅವಮಾನವೆಂದು ಭಾವಿಸಬಾರದು.

ಹಂತ 5: ದೋಣಿಯ ತಪಾಸಣೆಯನ್ನು ಎಲ್ಲರೂ ಸೇರಿ ಮಾಡುವುದು

ಇಲ್ಲಿ ನನ್ನ ಒತ್ತಾಯ ಒಂದೇ: ತಪಾಸಣೆಯನ್ನು ನಾಯಕರೊಬ್ಬರೇ ಮಾಡಿ ಮುಗಿಸಬಾರದು. ಹೊಸಬರ ಕೈಯಿಂದಲೇ ಮಾಡಿಸಿದರೆ ತಪಾಸಣೆಯೂ ಆಗುತ್ತದೆ, ಪಾಠವೂ ಆಗುತ್ತದೆ. ದೋಣಿಯ ತಳದಲ್ಲಿ ನೀರು ಒಳಬರುವ ಪ್ರತಿಯೊಂದು ಕವಾಟ ಎಲ್ಲಿದೆ ಎಂಬ ನಕ್ಷೆಯನ್ನು ಸಹನಾವಿಕರೇ ಬರೆಯಲಿ, ಪ್ರತಿ ಕವಾಟಕ್ಕೂ ಮರದ ಬಿರಡೆ ಕಟ್ಟಲಿ. ಚುಕ್ಕಾಣಿಯ ಚಕ್ರ ಕೆಟ್ಟರೆ ಬಳಸುವ ತುರ್ತು ಹಿಡಿಯನ್ನು ಪೆಟ್ಟಿಗೆಯಿಂದ ತೆಗೆದು ನಿಜವಾಗಿಯೂ ಜೋಡಿಸಿ ದೋಣಿ ನಡೆಸಿ ನೋಡಲಿ. ಹಾಯಿಮರದ ತುದಿಯವರೆಗೆ ಹತ್ತಿ ತಂತಿಗಳ ಜೋಡಣೆಯನ್ನು ಪರಿಣತರು ನೋಡುವಾಗ ಕೆಳಗೆ ಹಗ್ಗ ಹಿಡಿಯುವವರು ಹೊಸಬರಾಗಿರಲಿ.

ಲೈಫ್ ಜಾಕೆಟ್ ಪ್ರತಿಯೊಬ್ಬರಿಗೂ ಅವರದೇ ಆಗಿರಬೇಕು: ಕನಿಷ್ಠ 150 ನ್ಯೂಟನ್ ತೇಲುವ ಬಲ, ತೊಡೆಗಳ ನಡುವೆ ಹಾಯುವ ಪಟ್ಟಿ, ದೀಪ, ಸೀಟಿ ಮತ್ತು ದೋಣಿಗೆ ಕೊಂಡಿ ಹಾಕುವ ಪಟ್ಟಿ ಅದರಲ್ಲಿರಲಿ. ಒಮ್ಮೆ ಬಾಯಿಯಿಂದ ಊದಿ ರಾತ್ರಿಯಿಡೀ ಬಿಟ್ಟು ಗಾಳಿ ಸೋರುತ್ತದೆಯೇ ನೋಡಿ, ಅನಿಲದ ಸಿಲಿಂಡರನ್ನು ತೂಗಿ ಅದರ ಮೇಲೆ ಅಚ್ಚಾದ ತೂಕಕ್ಕೆ ಹೋಲಿಸಿ. 406 ಮೆಗಾಹರ್ಟ್ಸ್‌ನ ಇಪರ್ಬ್ ಎಂಬ ತುರ್ತು ಸಂಕೇತದ ಉಪಕರಣ ಈ ದೋಣಿಯ ಹೆಸರಿನಲ್ಲಿ ನೋಂದಣಿಯಾಗಿದೆಯೇ, ತುರ್ತು ಸಂಪರ್ಕಕ್ಕೆ ಕೊಟ್ಟ ಫೋನ್ ಸಂಖ್ಯೆ ಈಗಲೂ ನಡೆಯುತ್ತಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಅದರ ಸಂಕೇತ ಉಪಗ್ರಹದ ಮೂಲಕ ನಿಮಿಷಗಳಲ್ಲಿ ರಕ್ಷಣಾ ಕೇಂದ್ರ ತಲುಪಬಹುದು. ಆದರೆ ಸಾಗರದ ನಡುಭಾಗ ಹೆಲಿಕಾಪ್ಟರುಗಳ ಹಾರಾಟದ ಮಿತಿಯಾಚೆ ಇರುವುದರಿಂದ ನೆರವಿಗೆ ಬರುವುದು ಹತ್ತಿರದಲ್ಲಿ ಹೋಗುತ್ತಿರುವ ಸರಕು ಹಡಗು, ಅದೂ ಹಲವು ಗಂಟೆಗಳ ಅಥವಾ ಒಂದೆರಡು ದಿನಗಳ ನಂತರ.

ಎಂಜಿನ್ನಿನ ಮೇಲೆ ಭರವಸೆ ಇಡಬೇಡಿ. ಗಂಟೆಗೆ ಮೂರು ಲೀಟರ್ ಡೀಸೆಲ್ ಉರಿಸಿ ಐದು ನಾಟ್ (ಗಂಟೆಗೆ ಐದು ನಾಟಿಕಲ್ ಮೈಲಿ) ವೇಗದಲ್ಲಿ ಹೋಗುವ ದೋಣಿಗೆ 200 ಲೀಟರ್ ಇದ್ದರೂ 330 ಮೈಲಿಗೆ ಮುಗಿಯುತ್ತದೆ, ಅಂದರೆ ದಾರಿಯ ಎಂಟನೆಯ ಒಂದು ಭಾಗ ಮಾತ್ರ. ಗಾಳಿ ನಿಂತರೆ ಕಾಯುವುದನ್ನೂ ಸಿದ್ಧತೆಯೆಂದೇ ಎಣಿಸಿ. ಸ್ವಯಂಚಾಲಿತ ಚುಕ್ಕಾಣಿ ಕೆಟ್ಟರೆ ಉಳಿದ ದಾರಿಯನ್ನು ಕೈಯಿಂದಲೇ ನಡೆಸಬೇಕಾಗುತ್ತದೆ. ಹಿಂದಿನಿಂದ ಅಲೆ ಎತ್ತುವಾಗ ಕತ್ತಲಲ್ಲಿ ಚುಕ್ಕಾಣಿ ಹಿಡಿಯುವುದು ಸುಲಭವಲ್ಲವಾದ್ದರಿಂದ ಎಲ್ಲರೂ ಅದನ್ನು ಮೊದಲೇ ರೂಢಿಸಿಕೊಳ್ಳಬೇಕು.

ಹಂತ 6: ಎರಡು ರಾತ್ರಿಯ ಪರೀಕ್ಷಾಯಾನ

ಸಿದ್ಧತೆಯಲ್ಲಿ ಯಾವುದನ್ನು ಬಿಟ್ಟರೂ ಇದನ್ನು ಬಿಡಬಾರದು. ಭಾರತೀಯ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರಿನಲ್ಲಿ ತಾರಿಣಿ ಹಾಯಿದೋಣಿಯಲ್ಲಿ ಗೋವಾದಿಂದ ಭೂಪ್ರದಕ್ಷಿಣೆಗೆ ಹೊರಟು 2018ರ ಮೇ ತಿಂಗಳಿನಲ್ಲಿ ಮರಳಿದರು. ಅದಕ್ಕೂ ಮೊದಲು ಮ್ಹಾದೇಯಿ ಎಂಬ ದೋಣಿಯಲ್ಲಿ ಅವರು ಮಾರಿಷಸ್‌ವರೆಗೆ ಹೋಗಿ ಬಂದು ಪಳಗಿದ್ದರು. ಶಿಸ್ತು, ಪದವಿ, ಆಜ್ಞೆಯ ಅಭ್ಯಾಸ ಎಲ್ಲ ಇದ್ದ ತಂಡವೂ ಒಟ್ಟಾಗಿ ಕಡಲಿಗೆ ಇಳಿಯದೆ ದೊಡ್ಡ ಯಾನಕ್ಕೆ ಹೊರಡಲಿಲ್ಲ.

ಕೆನರಿ ದ್ವೀಪಗಳೇ ಇದಕ್ಕೆ ಒಳ್ಳೆಯ ಜಾಗ. ಲಾಂಜಾರೊಟೆಯಿಂದ ಗ್ರಾನ್ ಕನಾರಿಯಾಕ್ಕೆ ಸುಮಾರು ನೂರು ಮೈಲಿ, ಒಂದು ಹಗಲು ಒಂದು ರಾತ್ರಿಯ ದಾರಿ. ಎತ್ತರದ ದ್ವೀಪಗಳ ನಡುವಿನ ಕಿರಿದಾದ ಜಾಗಗಳಲ್ಲಿ ಗಾಳಿ ಒತ್ತಿ ಹರಿಯುವುದರಿಂದ ಅಲ್ಲಿ ಅದರ ವೇಗ ಇದ್ದಕ್ಕಿದ್ದಂತೆ ಹತ್ತು ಹದಿನೈದು ನಾಟ್‌ನಷ್ಟು ಏರಬಹುದು. ಪರೀಕ್ಷೆಗೆ ಇದಕ್ಕಿಂತ ಬೇರೆ ಬೇಕಿಲ್ಲ. ಹೋಗುವಾಗ ಒಂದು, ಬರುವಾಗ ಒಂದು ಎಂದು ಎರಡು ರಾತ್ರಿ ಕಡಲಿನಲ್ಲಿರಬೇಕು, ಏಕೆಂದರೆ ಮೊದಲ ರಾತ್ರಿ ಎಲ್ಲರೂ ಉತ್ಸಾಹದಲ್ಲಿ ಎಚ್ಚರವಾಗಿಯೇ ಇರುತ್ತಾರೆ, ಮನುಷ್ಯರ ನಿಜವಾದ ದಣಿವು ಮತ್ತು ನಡತೆ ಕಾಣುವುದು ಎರಡನೆಯ ರಾತ್ರಿ.

ಈ ಯಾನದಲ್ಲಿ ಹಾಯಿಯನ್ನು ಕಿರಿದು ಮಾಡುವ ರೀಫಿಂಗ್ ಕೆಲಸವನ್ನು ಕತ್ತಲಲ್ಲಿ, ತಲೆದೀಪದ ಬೆಳಕಿನಲ್ಲಿ ಪ್ರತಿಯೊಬ್ಬರೂ ಒಮ್ಮೆ ಮಾಡಬೇಕು. ಬೆನ್ನುಗಾಳಿಯಲ್ಲಿ ಹೋಗುವಾಗ ದೊಡ್ಡ ಹಾಯಿಯ ಕೆಳ ಅಂಚನ್ನು ಹಿಡಿದಿರುವ ಬೂಮ್ ಎಂಬ ಅಡ್ಡಕೋಲು ಅಚಾನಕ್ಕಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೀಸುವುದು ಈ ದಾರಿಯಲ್ಲಿ ಜೀವಕ್ಕೇ ಕುತ್ತು ತರುವಂಥದು; ಅದನ್ನು ತಡೆಯಲು ಬೂಮಿನ ತುದಿಯಿಂದ ದೋಣಿಯ ಮೂತಿಯವರೆಗೆ ಒಯ್ದು ಮರಳಿ ಹಿಂದಕ್ಕೆ ತರುವ ಪ್ರಿವೆಂಟರ್ ಹಗ್ಗವನ್ನು ಕಟ್ಟುವುದು, ಬಿಚ್ಚುವುದು ಎಲ್ಲರಿಗೂ ಬರಬೇಕು.

ನೀರಿಗೆ ಬಿದ್ದವರನ್ನು ಎತ್ತುವ ಅಭ್ಯಾಸ ಮುಂದಿನದು. ಇದರ ಲೆಕ್ಕವನ್ನು ಹೊಸಬರಿಗೆ ಬಿಡಿಸಿ ಹೇಳಿ: ಆರು ನಾಟ್ ವೇಗದ ದೋಣಿ ಸೆಕೆಂಡಿಗೆ ಮೂರು ಮೀಟರ್ ಚಲಿಸುತ್ತದೆ, ನಿಮಿಷಕ್ಕೆ 185 ಮೀಟರ್. ಮುಂದಿನ ಹಾಯಿಯನ್ನು ಕೋಲಿನಿಂದ ಹೊರಚಾಚಿ ಕಟ್ಟಿರುವಾಗ ದೋಣಿ ನಿಲ್ಲಿಸಿ ತಿರುಗಿಸಲು ಐದು ನಿಮಿಷ ಹಿಡಿದರೆ ಬಿದ್ದವರು ಒಂದು ಕಿಲೋಮೀಟರಿನಷ್ಟು ಹಿಂದೆ, ಎರಡು ಮೂರು ಮೀಟರ್ ಎತ್ತರದ ಅಲೆಗಳ ನಡುವೆ ಇರುತ್ತಾರೆ. ಈ ಲೆಕ್ಕ ಕೇಳಿದ ಮೇಲೆ ಕೊಂಡಿ ಹಾಕಿಕೊಳ್ಳಿ ಎಂದು ಯಾರಿಗೂ ಎರಡನೆಯ ಸಲ ಹೇಳಬೇಕಾಗದು. ಕೂಗುವುದು, ಬೆರಳು ತೋರುತ್ತಾ ಕಣ್ಣು ಕೀಳದೆ ನೋಡುವುದು, ಜಿ.ಪಿ.ಎಸ್. ಗುಂಡಿ ಒತ್ತುವುದು, ತೇಲುವ ಬಳೆ ಎಸೆಯುವುದು ಇವು ಯಾರ ಯಾರ ಕೆಲಸ ಎಂದು ಗೊತ್ತಾದ ಮೇಲೆ, ನಾಯಕರೇ ಬಿದ್ದಿದ್ದಾರೆ ಎಂದುಕೊಂಡು ಅಭ್ಯಾಸವನ್ನು ಮತ್ತೊಮ್ಮೆ ಮಾಡಬೇಕು. ಬಹಳಷ್ಟು ತಂಡಗಳು ಈ ಎರಡನೆಯ ಅಭ್ಯಾಸ ಮಾಡುವುದಿಲ್ಲ.

ಮರಳಿ ಬಂದ ಮರುದಿನ, ನಿದ್ದೆ ಮುಗಿಸಿ, ನಾಯಕರು ಒಬ್ಬೊಬ್ಬರೊಡನೆ ಪ್ರತ್ಯೇಕವಾಗಿ ಮಾತನಾಡಲಿ. ಬರಲು ಮನಸ್ಸಿದೆಯೇ ಎಂದು ಕೇಳುವ ಸಮಯ ಅದು.

ಹಂತ 7: ಪಾಳಿ ಮತ್ತು ರಾತ್ರಿಯ ನಿಯಮಗಳು

ಡಿಸೆಂಬರ್, ಜನವರಿಯಲ್ಲಿ ಈ ಅಕ್ಷಾಂಶಗಳಲ್ಲಿ ರಾತ್ರಿ ಹಗಲಿಗಿಂತ ದೀರ್ಘ. ನಾಲ್ವರಿದ್ದರೆ ಮೂರು ಗಂಟೆ ಕಾವಲು, ಒಂಬತ್ತು ಗಂಟೆ ಬಿಡುವು ಎಂಬುದು ಸರಳ ಪದ್ಧತಿ. ಹೊಸಬರಿರುವ ತಂಡದಲ್ಲಿ ಮೊದಲ ವಾರ ಇಬ್ಬಿಬ್ಬರು ಕಾವಲಿದ್ದು, ಇಬ್ಬರೂ ಒಂದೇ ಹೊತ್ತಿಗೆ ಬದಲಾಗದೆ ಒಂದೂವರೆ ಗಂಟೆಯ ಅಂತರದಲ್ಲಿ ಬದಲಾಗುವಂತೆ ಪಾಳಿ ಹಾಕಿದರೆ, ಕತ್ತಲೆಗೆ ಕಣ್ಣು ಹೊಂದಿಕೊಂಡವರು ಒಬ್ಬರು ಯಾವಾಗಲೂ ಮೇಲಿರುತ್ತಾರೆ. ಐದು ಜನರಿದ್ದರೆ ನಾಯಕರನ್ನು ಪಾಳಿಯಿಂದ ಹೊರಗಿಡುವುದು ಉತ್ತಮ, ಹೇಗೂ ಅವರನ್ನು ಎಲ್ಲರೂ ಎಬ್ಬಿಸುತ್ತಿರುತ್ತಾರೆ. ದೋಣಿಯ ಗಡಿಯಾರ ದಾರಿಯುದ್ದಕ್ಕೂ ಜಾಗತಿಕ ಸಮಯವನ್ನೇ ತೋರಿಸಲಿ. ಸೇಂಟ್ ಲೂಸಿಯಾ ಅದಕ್ಕಿಂತ ನಾಲ್ಕು ಗಂಟೆ ಹಿಂದಿರುವುದರಿಂದ ನಡುನಡುವೆ ಗಡಿಯಾರ ತಿರುಗಿಸಹೋದರೆ ಯಾರ ಪಾಳಿ ಉದ್ದವಾಯಿತೆಂಬ ಲೆಕ್ಕಕ್ಕೆ ಕೊನೆಯಿರುವುದಿಲ್ಲ.

ರಾತ್ರಿಯ ನಿಯಮಗಳು ಕೆಲವೇ ಇರಲಿ, ಅವುಗಳಿಗೆ ವಿನಾಯಿತಿ ಬೇಡ. ಒಳಗಿನಿಂದ ಮೆಟ್ಟಿಲು ಹತ್ತುವ ಮೊದಲೇ ಕೊಂಡಿ ಹಾಕಬೇಕು. ಒಬ್ಬರೇ ಇರುವಾಗ ಚುಕ್ಕಾಣಿಯ ಅಂಕಣ ಬಿಟ್ಟು ಮುಂದಕ್ಕೆ ಹೋಗಕೂಡದು. ಗಂಡಸರು ದೋಣಿಯ ಅಂಚಿನಲ್ಲಿ ನಿಂತು ಮೂತ್ರ ಮಾಡಕೂಡದು. ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಸುತ್ತಲೂ ಕಣ್ಣು ಹಾಯಿಸಬೇಕು, ಏಕೆಂದರೆ ದಿಗಂತದಲ್ಲಿ ಕಂಡ ಹಡಗು ಇಪ್ಪತ್ತು ನಿಮಿಷದೊಳಗೆ ಮೇಲೆ ಬಂದಿರಬಹುದು, ಸುತ್ತಲಿನ ಹಡಗುಗಳನ್ನು ತೋರಿಸುವ ಎ.ಐ.ಎಸ್. ಪರದೆಯನ್ನು ನೋಡುವುದು ಕಣ್ಣಿನ ಕೆಲಸಕ್ಕೆ ಬದಲಿಯಲ್ಲ.

ನಾಯಕರನ್ನು ಎಬ್ಬಿಸಬೇಕಾದ ಸಂದರ್ಭಗಳನ್ನು ಮೆಟ್ಟಿಲ ಬಳಿ ಬರೆದು ಅಂಟಿಸಿ: ಗಾಳಿ ಇಪ್ಪತ್ತೆರಡು ನಾಟ್ ದಾಟಿದರೆ, ಹಡಗೊಂದು ಎರಡು ಮೈಲಿಗಿಂತ ಹತ್ತಿರ ಬರುವಂತಿದ್ದರೆ, ಹೊಸ ಸದ್ದು ಕೇಳಿದರೆ, ಹಿಂದೆ ಕಪ್ಪು ಮೋಡದ ಗೋಡೆ ಕಂಡರೆ. ಉಷ್ಣವಲಯದ ಇಂಥ ಮಳೆಮೋಡದ ಕೆಳಗೆ ಗಾಳಿ ನಿಮಿಷಗಳಲ್ಲಿ ಮೂವತ್ತು ನಾಟ್ ದಾಟಬಹುದಾದ್ದರಿಂದ ಕತ್ತಲಾಗುವ ಮುನ್ನವೇ ಹಾಯಿ ಕಿರಿದು ಮಾಡಿ ಮಲಗುವುದು ಈ ದಾರಿಯಲ್ಲಿ ರೂಢಿ. ಎಬ್ಬಿಸಲೋ ಬೇಡವೋ ಎಂಬ ಅನುಮಾನ ಬಂದರೆ ಎಬ್ಬಿಸಲೇಬೇಕು, ಸುಮ್ಮಸುಮ್ಮನೆ ಎಬ್ಬಿಸಿದರೂ ನಾಯಕರು ಸಿಡುಕಬಾರದು. ಒಮ್ಮೆ ಸಿಡುಕಿದರೆ ಮುಂದಿನ ಸಲ ಯಾರೂ ಎಬ್ಬಿಸುವುದಿಲ್ಲ, ಅದರಿಂದಾಗುವ ನಷ್ಟ ಒಂದು ರಾತ್ರಿಯ ನಿದ್ದೆಗಿಂತ ದೊಡ್ಡದು.

ಹಂತ 8: ನೀರು, ದಿನಸಿ, ಅಡುಗೆ

ಕುಡಿಯಲು ಮತ್ತು ಅಡುಗೆಗೆ ತಲೆಗೆ ದಿನಕ್ಕೆ ಮೂರು ಲೀಟರ್ ಹಿಡಿದರೆ, ಐದು ಜನಕ್ಕೆ ಇಪ್ಪತ್ತೈದು ದಿನಕ್ಕೆ 375 ಲೀಟರ್. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರವಿದ್ದರೂ ಅದು ಮೊದಲ ದಿನವೇ ಕೆಡುತ್ತದೆ ಎಂದುಕೊಂಡು ಇಷ್ಟು ನೀರು ತುಂಬಬೇಕು, ಅದರಲ್ಲಿ ಒಂದು ಪಾಲನ್ನು ತೊಟ್ಟಿಯಲ್ಲಿ ಬೆರೆಸದೆ ಕ್ಯಾನುಗಳಲ್ಲಿ ಇಡಬೇಕು. ಸ್ನಾನ, ಪಾತ್ರೆ ಉಪ್ಪುನೀರಿನಲ್ಲಿ.

ರಟ್ಟಿನ ಪೆಟ್ಟಿಗೆಗಳು ಜಿರಳೆ ಮೊಟ್ಟೆಯನ್ನು ತರುವುದರಿಂದ ಅವನ್ನು ದಡದಲ್ಲೇ ಬಿಡಿ. ಪ್ಲಾಸ್ಟಿಕ್ಕನ್ನು ಕಡಲಿಗೆ ಎಸೆಯುವುದು ಅಂತಾರಾಷ್ಟ್ರೀಯ ನಿಯಮದ ಪ್ರಕಾರ ನಿಷಿದ್ಧವಾದ್ದರಿಂದ ಅನಗತ್ಯ ಹೊದಿಕೆಗಳನ್ನೂ ಅಲ್ಲಿಯೇ ಕಳಚಿಡಿ. ಎಲೆಕೋಸು, ಈರುಳ್ಳಿ, ಆಲೂಗಡ್ಡೆ, ಸಿಹಿಗುಂಬಳ, ನಿಂಬೆ ವಾರಗಟ್ಟಲೆ ತಡೆಯುತ್ತವೆ. ಬಾಳೆಗೊನೆ ಕಟ್ಟಿದರೆ ಎಲ್ಲ ಹಣ್ಣೂ ಒಂದೇ ದಿನ ಮಾಗುತ್ತದೆ. ಮೂರನೆಯ ವಾರದಲ್ಲಿ ಹಸಿರು ಮುಗಿದಾಗ ನೆನೆಸಿ ಮೊಳಕೆ ಕಟ್ಟಿದ ಹೆಸರುಕಾಳು ಬಲು ರುಚಿ. ನಮ್ಮ ಕಡೆಯವರು ಜೊತೆಗಿದ್ದರೆ ಅವಲಕ್ಕಿ, ಹುರಿದ ರವೆ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿಗಳನ್ನು ತಪ್ಪದೆ ತರಲಿ. ಕೆಟ್ಟ ಹವೆಯಲ್ಲಿ ಹತ್ತು ನಿಮಿಷದಲ್ಲಿ ಬಿಸಿ ಊಟವಾಗುವ ಇಂಥ ಸಾಮಗ್ರಿ ಲಾಸ್ ಪಾಲ್ಮಾಸ್‌ನ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗದು. ಪ್ರೆಷರ್ ಕುಕ್ಕರ್ ತೂಗಾಡುವ ಅಡುಗೆಮನೆಗೆ ಹೇಳಿಮಾಡಿಸಿದ ಪಾತ್ರೆ, ಮಗುಚಿದರೂ ಮುಚ್ಚಳ ಕಳಚುವುದಿಲ್ಲ, ಅನಿಲವೂ ಉಳಿಯುತ್ತದೆ. ಸುಟ್ಟ ಗಾಯಗಳನ್ನು ತಪ್ಪಿಸಲು ಎಷ್ಟೇ ಸೆಕೆಯಿದ್ದರೂ ಮಳೆಯಂಗಿಯ ದಪ್ಪ ಪ್ಯಾಂಟ್ ಧರಿಸಿಯೇ ಒಲೆಯ ಮುಂದೆ ನಿಲ್ಲಬೇಕು. ಅಡುಗೆ ಅನಿಲ ಗಾಳಿಗಿಂತ ಭಾರವಾಗಿದ್ದು ಸೋರಿದರೆ ದೋಣಿಯ ತಳದಲ್ಲಿ ಸಂಗ್ರಹವಾಗುತ್ತದೆ. ಪ್ರತಿ ಅಡುಗೆಯ ನಂತರ ಸಿಲಿಂಡರಿನ ಬಳಿಯೇ ಮುಚ್ಚಬೇಕು.

ಸಸ್ಯಾಹಾರ, ಮಾಂಸಾಹಾರದ ಮಾತನ್ನು ದಿನಸಿ ಕೊಳ್ಳುವ ಮೊದಲು ಮುಗಿಸಿ. ಹಿಡಿದ ಮೀನನ್ನು ಒಂದೇ ಬಾಣಲೆಯಲ್ಲಿ ಕರಿಯುವ ವಿಷಯಕ್ಕೆ ಮನಸ್ತಾಪ ಬೆಳೆಯುವುದಾದರೆ ಎರಡು ಬಾಣಲೆ ಕೊಳ್ಳುವುದು ಅಗ್ಗ. ದಿನಕ್ಕೊಮ್ಮೆ, ಸಂಜೆ ಬೆಳಕಿರುವಾಗ, ಎಲ್ಲರೂ ಕೂಡಿ ಉಣ್ಣುವ ನಿಯಮ ಇಟ್ಟುಕೊಳ್ಳಿ. ಪಾಳಿಯಿಂದಾಗಿ ಇಬ್ಬರು ದಿನಗಟ್ಟಲೆ ಮುಖ ನೋಡದೆ ಇರಬಹುದಾದ ದೋಣಿಯಲ್ಲಿ, ಸಣ್ಣ ದೂರುಗಳನ್ನು ಹೇಳಿ ಮುಗಿಸಲು ಅದೊಂದೇ ಹೊತ್ತು.

ಹಂತ 9: ಆರೋಗ್ಯ

ಹೊರಡುವ ತಿಂಗಳ ಮೊದಲೇ ಹಲ್ಲಿನ ವೈದ್ಯರನ್ನು ಕಾಣಬೇಕು. ನಿತ್ಯ ತೆಗೆದುಕೊಳ್ಳುವ ಮಾತ್ರೆಗಳನ್ನು ದುಪ್ಪಟ್ಟು ತಂದು ಎರಡು ಬೇರೆ ಚೀಲಗಳಲ್ಲಿಡಿ. ರಕ್ತದೊತ್ತಡ, ಮಧುಮೇಹ, ಅಲರ್ಜಿ, ಖಿನ್ನತೆಯ ಔಷಧ ಯಾವುದೇ ಇದ್ದರೂ ನಾಯಕರಿಗೆ ತಿಳಿದಿರಬೇಕು. ಎಲ್ಲರ ಮುಂದೆ ಹೇಳಲು ಇಷ್ಟವಿಲ್ಲದವರು ಮುಚ್ಚಿದ ಲಕೋಟೆಯಲ್ಲಿ ಬರೆದುಕೊಡಬಹುದು. ಕಡಲಿನಲ್ಲಿರುವವರಿಗೆ ದೂರದಿಂದ ಉಚಿತ ವೈದ್ಯಕೀಯ ಸಲಹೆ ಕೊಡುವ ಕೇಂದ್ರಗಳಿವೆ, ರೋಮಿನ ಸಿ.ಐ.ಆರ್.ಎಂ. 1935ರಿಂದ ಈ ಕೆಲಸ ಮಾಡುತ್ತಿದೆ. ಅವರ ಸಂಪರ್ಕವನ್ನು ಉಪಗ್ರಹ ಫೋನಿನಲ್ಲಿ ಉಳಿಸಿ, ಔಷಧಿ ಪೆಟ್ಟಿಗೆಯಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಅದರ ಮುಚ್ಚಳಕ್ಕೆ ಅಂಟಿಸಿಡಿ.

ಕಡಲಬೇನೆ ಬಹುತೇಕ ಮಂದಿಗೆ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ವೈದ್ಯರು ಸೂಚಿಸಿದ ಮಾತ್ರೆಯನ್ನು ವಾಂತಿ ಶುರುವಾದ ಮೇಲೆ ನುಂಗಿ ಫಲವಿಲ್ಲ, ಹೊರಡುವ ಹಿಂದಿನ ರಾತ್ರಿಯೇ ಆರಂಭಿಸಬೇಕು. ಕೆಲವು ಮಾತ್ರೆಗಳಿಂದ ವಿಪರೀತ ತೂಕಡಿಕೆ ಬರುವುದರಿಂದ ಪರೀಕ್ಷಾಯಾನದಲ್ಲಿಯೇ ಅವನ್ನು ನುಂಗಿ ನೋಡಿರಬೇಕು. ಮಲಬದ್ಧತೆ ಮೊದಲ ವಾರದ ಇನ್ನೊಂದು ಸಾಮಾನ್ಯ ತೊಂದರೆ. ನಾಚಿಕೆಯಿಂದ ಯಾರೂ ಹೇಳುವುದಿಲ್ಲ, ನೀರು ಹೆಚ್ಚು ಕುಡಿಯಿರಿ.

ಹಂತ 10: ಹೊರಡುವುದು, ಸಾಗುವುದು

ಮೊದಲ ಎರಡು ದಿನದ ಅಡುಗೆಯನ್ನು ದಡದಲ್ಲೇ ಮಾಡಿ ತುಂಬಿಕೊಂಡು, ಹಿಂದಿನ ರಾತ್ರಿ ಮದ್ಯ ಮುಟ್ಟದೆ, ಬೆಳಗಿನಲ್ಲಿ ಹೊರಡಿ. ವಿಮಾನದ ಟಿಕೆಟ್, ರಜೆ, ಸಾಮೂಹಿಕ ಯಾನದ ಬಾವುಟ ಯಾವುದೂ ಕೆಟ್ಟ ಮುನ್ಸೂಚನೆಯಲ್ಲಿ ಹೊರಡಲು ಕಾರಣವಾಗಬಾರದು. ಸಹನಾವಿಕರು ತಲುಪುವ ದಿನಾಂಕಕ್ಕೆ ಎರಡು ವಾರ ಸೇರಿಸಿ ಮರಳುವ ಟಿಕೆಟ್ ತೆಗೆಯಬೇಕು.

ದಿನಕ್ಕೊಮ್ಮೆ ಬೆಳಕಿನಲ್ಲಿ ಇಬ್ಬರು ದೋಣಿಯ ಮೇಲೆ ಮೂತಿಯಿಂದ ಹಿಂಬದಿಯವರೆಗೆ ನಡೆದು ಹಗ್ಗಗಳು ಎಲ್ಲಿ ಉಜ್ಜುತ್ತಿವೆ ನೋಡಲಿ. ಒಂದೇ ಜಾಗದಲ್ಲಿ ಸಾವಿರಾರು ಸಲ ಉಜ್ಜಿದ ಹಗ್ಗ ಕತ್ತರಿಸಿಹೋಗುವುದರಿಂದ ಹಾಯಿ ಎತ್ತುವ ಹಗ್ಗವನ್ನು ದಿನವೂ ಒಂದೆರಡು ಅಂಗುಲ ಸಡಿಲಿಸಿ ಉಜ್ಜುವ ಜಾಗವನ್ನು ಬದಲಿಸಬೇಕು. ಬಿಚ್ಚಿಬಿದ್ದ ಒಂದು ತಿರುಪು, ಒಂದು ಪಿನ್ನು ಕಂಡರೂ ಅದು ಎಲ್ಲಿಂದ ಬಂತೆಂದು ತಿಳಿಯುವವರೆಗೆ ಬಿಡಬೇಡಿ. 2011ರಿಂದೀಚೆಗೆ ಉಷ್ಣವಲಯದ ಅಟ್ಲಾಂಟಿಕ್‌ನಲ್ಲಿ ಸರ್ಗ್ಯಾಸಮ್ ಪಾಚಿ ರಾಶಿರಾಶಿಯಾಗಿ ತೇಲತೊಡಗಿದೆ. ಚುಕ್ಕಾಣಿಗೆ, ಮೀನಿನ ಗಾಳಕ್ಕೆ ಸುತ್ತಿಕೊಳ್ಳುವ ಅದನ್ನು ಬಿಡಿಸಲು ಉದ್ದದ ಕೋಲು ಕೈಗೆಟಕುವಲ್ಲಿರಲಿ.

ಎರಡನೆಯ ವಾರದ ಹೊತ್ತಿಗೆ ಕೆಲಸ ಕಡಿಮೆಯಾಗಿ ಬೇಸರ ಹೆಚ್ಚುತ್ತದೆ. ಒಬ್ಬರು ಚಮಚವನ್ನು ಬಟ್ಟಲಿಗೆ ತಟ್ಟುವ ಸದ್ದೇ ಇನ್ನೊಬ್ಬರಿಗೆ ಸಹಿಸಲಾಗದಂತಾಗುವ ಕಾಲ ಅದು. ಆ ವಾರದಲ್ಲಿ ಅಡುಗೆಯ ಜೋಡಿಗಳನ್ನೂ ಪಾಳಿಯ ಹೊತ್ತನ್ನೂ ಬದಲಾಯಿಸಿ. ಮಾತು ಬೇಡವಾದವರು ಟೋಪಿ ಮುಖದ ಮೇಲೆಳೆದು ಮುಂಭಾಗದಲ್ಲಿ ಕುಳಿತರೆ ಅವರನ್ನು ಯಾರೂ ಕರೆಯಬಾರದೆಂಬ ಒಪ್ಪಂದ ಮಾಡಿಕೊಳ್ಳಬಹುದು.

ಹಂತ 11: ದಡ ಸೇರುವುದು

ಕೊನೆಯ ದಿನ ವೇಗ ಇಳಿಸಿಯಾದರೂ ಹಗಲಿನಲ್ಲಿಯೇ ತಲುಪುವಂತೆ ಲೆಕ್ಕ ಹಾಕಬೇಕು. ಮೂರು ವಾರ ದಣಿದ ತಂಡ ಹೊಸ ಬಂದರನ್ನು ಕತ್ತಲಲ್ಲಿ ಹೊಗುವುದು ಸಲ್ಲದು. ಸೇಂಟ್ ಲೂಸಿಯಾದ ಉತ್ತರ ತುದಿ ಸುತ್ತಿ, ಪಿಜನ್ ದ್ವೀಪವನ್ನು ಬಳಸಿ ರಾಡ್ನಿ ಕೊಲ್ಲಿಗೆ ಬರುವ ಮುನ್ನ ಅಧಿಕಾರಿಗಳ ತಪಾಸಣೆ ಇನ್ನೂ ಆಗಬೇಕಿದೆ ಎಂದು ಸೂಚಿಸುವ ಹಳದಿ ಬಾವುಟ ಏರಿಸಿರಬೇಕು. ವಲಸೆ ಮತ್ತು ಸುಂಕದ ಅಧಿಕಾರಿಗಳ ಕೆಲಸ ಮುಗಿಯುವವರೆಗೆ ಕಾಗದಪತ್ರ ಹಿಡಿದ ನಾಯಕರನ್ನು ಬಿಟ್ಟು ಬೇರೆ ಯಾರೂ ದೋಣಿಯಿಂದ ಇಳಿಯಬಾರದು. ಉಳಿದ ತಾಜಾ ತರಕಾರಿ, ಹಣ್ಣುಗಳನ್ನು ಕೇಳದೆ ದಡಕ್ಕೆ ಒಯ್ಯಬೇಡಿ.

ಲೆಕ್ಕವನ್ನು ಅದೇ ವಾರ, ಎಲ್ಲರೂ ಇನ್ನೂ ಒಟ್ಟಿಗಿರುವಾಗ ಮುಗಿಸಿ. ಯಾನ ಮುಗಿಸಿ ಹೊರಡುವ ಸಹನಾವಿಕರ ಹೆಸರನ್ನು ದೋಣಿಯ ಸಿಬ್ಬಂದಿ ಪಟ್ಟಿಯಿಂದ ತೆಗೆಸಲು ನಾಯಕರೂ ಅವರೂ ವಿಮಾನದ ಟಿಕೆಟ್ ಸಮೇತ ವಲಸೆ ಕಚೇರಿಗೆ ಹೋಗಬೇಕು. ಪಟ್ಟಿಯಲ್ಲಿ ಹೆಸರು ಉಳಿದರೆ ವಿಮಾನ ನಿಲ್ದಾಣದಲ್ಲಿ ಅವರಿಗೂ, ಮುಂದಿನ ದ್ವೀಪಕ್ಕೆ ಹೊರಡುವಾಗ ನಾಯಕರಿಗೂ ಅಡ್ಡಿಯಾಗಬಹುದು. ಸಾಮಾನು ಕಟ್ಟುವ ದಿನಕ್ಕಿಂತ ಮೊದಲೇ ಆ ಕೆಲಸ ಮಾಡಿಕೊಳ್ಳಿ.